ಡಬ್ಬಿ ಗಿಟಾರಿನ ಹೊಟ್ಟೆಯೊಳಗೆ

ಶನಿವಾರ ಬೆಳಿಗ್ಗೆ ಎಂಟೂವರೆಗೆ ನಾನು ಗೋದಾಮಿನ ಬೀಗ ತೆಗೆದಾಗ ಮೇಜು ಬರಿದಾಗಿತ್ತು.

ಹಾಸಿದ ಹಸಿರು ಬಟ್ಟೆ ಇತ್ತು. ನಾನೇ ಬರೆದಿಟ್ಟ ಚೀಟಿ ಇತ್ತು: ‘ಡಬ್ಬಿ ಗಿಟಾರು, 1967. ತಯಾರಿಸಿದವರು: ಮಹಾದೇವ, ಮಲಪ್ರಭಾ ಬೀಟರ್ಸ್, ಬೈಲಹೊಂಗಲ.’ ಡಬ್ಬಿ ಮಾತ್ರ ಇರಲಿಲ್ಲ.

ಹದಿನೈದು ಕಿಲೋದ ಎಣ್ಣೆ ಡಬ್ಬಿ ಅದು. ಬಾಯಿಗೆ ಬೆಸುಗೆ. ಮೇಲಿನ ತೂತುಗಳಿಂದ ಹೊರಬಂದ ಒಂದು ಕೋಲು, ಒಂದು ತಂತಿ. ಪಕ್ಕಕ್ಕೆ ಅಂಟಿಸಿದ ಹಳೇ ಟೆಲಿಫೋನಿನ ಅಯಸ್ಕಾಂತ. ತಂತಿ ಮೀಟಿ ಕೋಲು ಒತ್ತಿದರೆ ದನಿ ಬಾಗುತ್ತಿತ್ತು. ಅರವತ್ತರ ದಶಕದಲ್ಲಿ ಬೈಲಹೊಂಗಲದ ನಾಲ್ವರು ಹುಡುಗರು ಕಟ್ಟಿದ ರಾಕ್ ಬ್ಯಾಂಡಿಗೆ ಹೆಸರು ತಂದದ್ದೇ ಆ ದನಿ. ರಾಮದುರ್ಗದಿಂದ ಕೊಲ್ಹಾಪುರದವರೆಗೆ ಎಷ್ಟೋ ಆರ್ಕೆಸ್ಟ್ರಾಗಳು ಅದನ್ನು ಅನುಕರಿಸಿದವು ಎಂದು ನಾನು ಅರವತ್ತು ಪುಟದ ಪುಸ್ತಕ ಬರೆದಿದ್ದೆ. ಮರುದಿನ ಪ್ರದರ್ಶನದ ಉದ್ಘಾಟನೆ, ಅಲ್ಲೇ ಪುಸ್ತಕದ ಬಿಡುಗಡೆ. ಡಬ್ಬಿ ಇಲ್ಲದಿದ್ದರೆ ನಾನು ಬರೆದದ್ದೆಲ್ಲ ಬರೀ ಬಾಯಿಮಾತು.

ಹೆಡ್ ಕಾನ್‌ಸ್ಟೇಬಲ್ ಅನ್ನಪೂರ್ಣಾ ಒಂಬತ್ತಕ್ಕೆ ಬಂದರು. ಕೈಗಡಿಯಾರ ನೋಡಿಕೊಂಡರು.

“ವಿಜಯ ಸರ್, ಇವತ್ತ ಶನಿವಾರ. ಹನ್ನೊಂದೂವರಿಗೆ ಮಗಳ ಸಾಲಿ ಬಿಡತೇತಿ. ಅಷ್ಟರಾಗ ಮುಗಸೂಣು. ಹಿಂದಿನ ಬಾಗಲಾ?”

“ಚಿಲಕ ಮುರದು ವರ್ಷಾತ್ರಿ.”

“ಯಾರ್‍ಯಾರಿಗೆ ಗೊತ್ತೈತಿ?”

“ನಿನ್ನೆ ಸಂಜೀಕ ಮೂವರು ಇಲ್ಲೇ ಇದ್ರು. ಮೂವರಿಗೂ ಗೊತ್ತೈತಿ.”

ಇದು ಹಳೇ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಗೋದಾಮು. ಸುಣ್ಣ ಹೊಡೆಯಲೆಂದು ನಿನ್ನೆ ಎಲ್ಲರೂ ಹೋದ ಮೇಲೆ ಗೋಡೆ ಕೆರೆದಿದ್ದರು. ನೆಲದ ತುಂಬ ಬಿಳಿ ಪುಡಿ. ಹಿಂದಿನ ಬಾಗಿಲಿನಿಂದ ಮೇಜಿನ ಕಡೆಗೆ ಚಪ್ಪಲಿಯ ಗುರುತು ಬಂದಿತ್ತು. ಪುಡಿ ಸಡಿಲವಾಗಿದ್ದುದರಿಂದ ಅಳತೆ ಸಿಗುವಂತಿರಲಿಲ್ಲ. ಮೇಜು ಇನ್ನೊಂದು ಮಾರು ದೂರ ಇರುವಾಗ ಚಪ್ಪಲಿ ನಿಂತಿತ್ತು. ಅಲ್ಲಿಂದ ಮುಂದೆ ಬರಿಗಾಲು.

“ಸಪ್ಪಳ ಆಗಬಾರದಂತ ಚಪ್ಪಲಿ ಬಿಟ್ಟಾನ,” ಎಂದೆ.

ಅನ್ನಪೂರ್ಣಾ ಬಗ್ಗಿ ಎರಡೂ ಗುರುತು ನೋಡಿದರು. ಗೋಡೆಯ ಮೇಲಿನ ದೊಡ್ಡ ಫೋಟೊದ ಮುಂದೆ ನಿಂತರು. 1967, ಸವದತ್ತಿಯ ಕಾರ್ಯಕ್ರಮ. ಮೂವರು ಚೂಪು ಬೂಟು ಹಾಕಿದ್ದಾರೆ. ಡಬ್ಬಿ ಹಿಡಿದ ಮಹಾದೇವ ಮಾತ್ರ ಬರಿಗಾಲಿನಲ್ಲಿದ್ದಾನೆ.

“ಇದೇನ್ರಿ?”

“ಪುಟ ಹದಿನಾಲ್ಕರಾಗ ಬರದೇನಿ. ವೇದಿಕಿ ಮ್ಯಾಲ ಬರಿಗಾಲಿಲೆ ನಿಲ್ಲೂದು ಅಂದ್ರ ಬಂಡಾಯ. ಆಮ್ಯಾಲ ಬಂದ ಹುಡುಗರೂ ಬೂಟು ಬಿಟ್ಟು ನಿಲ್ಲಾಕ ಹತ್ತಿದ್ರು.”

“ಬಂಡಾಯ,” ಎಂದು ಅವರು ಇನ್ನೊಮ್ಮೆ ಹೇಳಿಕೊಂಡರು. “ಮೂವರನ್ನೂ ಕರಸ್ರಿ.”

ಮೊದಲು ಬಂದವನು ಬೆಳಗಾವಿಯ ಶೀತಲ್. ಹಳೇ ರೇಡಿಯೋ, ವಾದ್ಯ ರಿಪೇರಿ ಮಾಡುತ್ತಾನೆ, ಕೊಳ್ಳುತ್ತಾನೆ ಕೂಡ. ರಾತ್ರಿ ಇಲ್ಲೇ ಲಾಡ್ಜಿನಲ್ಲಿದ್ದ.

“ಡಬ್ಬಿ ನನಗ ಕೊಡ್ರಿ ಅಂತ ಕೇಳಿದ್ದು ಖರೇ ಮೇಡಂ. ಆದ್ರ ಕದ್ದು ಏನ್ ಮಾಡ್ಲಿ? ನಾಳೆ ಎಲ್ಲಾರ ಮುಂದ ಬೆಸುಗಿ ಬಿಚ್ಚಾಂವ ನಾನ.”

“ನಿನ್ನೆ ಅದನ್ನ ಮುಟ್ಟೀರೇನು?”

“ಮುಟ್ಟದ ಹೆಂಗ್ರಿ? ಕೆಳಗಿಟ್ಟು, ಬೂಟಿನ ನಡುವ ಹಿಡಕೊಂಡು, ಎಲ್ಲಾ ಕಡಿಂದ ಫೋಟೊ ಹೊಡದೆ.”

“ಒಳಗ ಏನೈತಿ?”

“ಕಟಿಗಿ ಇದ್ದೀತು. ಬಿಚ್ಚಿದ ಮ್ಯಾಲ ಗೊತ್ತಾಗತೇತಿ.”

ಎರಡನೆಯವರು ಬೀರಪ್ಪ. ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದವರು, ಈಗ ಎಪ್ಪತ್ತೇಳು. ಡಬ್ಬಿಯನ್ನು ಬಿಚ್ಚಲೇಬೇಕು ಎಂದು ಪಟ್ಟು ಹಿಡಿದವರು ಇವರೇ.

“ಹೊಸಾದ್ ಏನ್ ಮಾಡಿದ್ವಿ ನಾವು? ಸಿಲೋನ್ ರೇಡಿಯೋದಾಗ ಕೇಳಿದ್ದು ಬಾರಿಸಿದ್ವಿ. ಕೂದಲಾ ಅವರ್ದು, ಪ್ಯಾಂಟ್ ಅವರ್ದು. ಈ ಮಾಸ್ತರ ಒಂದ ಪುಸ್ತಕ ಬರದು ನಮ್ಮನ್ನ ಮುಗಲಿಗೆ ಏರಿಸ್ಯಾನ.”

“ಆ ದನಿ?”

ಬೀರಪ್ಪ ಬೆರಳಿನಿಂದ ತೊಡೆಯ ಮೇಲೆ ತಾಳ ಬಡಿದರು. “ಅದೊಂದು ರೇಡಿಯೋದಾಗ ಇರಲಿಲ್ಲ. ಮಾದ್ಯಾ ಮುಂಬೈದಿಂದ ಯಾವದರ ಪರದೇಶಿ ಯಂತ್ರ ತಂದು ಒಳಗ ಇಟ್ಟಾನ. ಬಿಚ್ಚಿದ್ರ ಗೊತ್ತಾಗತಿತ್ತು.”

“ನೀವು, ಮಹಾದೇವ ಕಾಕಾ ಮಾತಾಡೂದಿಲ್ಲಂತ?”

“ಅರವತ್ತೆಂಟರಿಂದ. ರಾಮದುರ್ಗಕ್ಕ ಟ್ರಕ್ಕಿನ್ಯಾಗ ಹೊಂಟಿದ್ವಿ. ಕೂಡಾಕ ಜಾಗಾ ಇರಲಿಲ್ಲ. ಡಬ್ಬಿ ಮ್ಯಾಲ ಕುಂತೆ. ಕಪಾಳಕ್ಕ ಹೊಡದ. ಎಣ್ಣಿ ಡಬ್ಬಿ ಮ್ಯಾಲ ಕುಂತಿದ್ದಕ್ಕ, ಬೇ. ಅಷ್ಟ ಸೊಕ್ಕು.”

ಕೊನೆಗೆ ಮಹಾದೇವ. ಎಪ್ಪತ್ತೆಂಟು ವರ್ಷ. ಇಸ್ತ್ರಿ ಮಾಡಿದ ಅಂಗಿ, ಹಿಂದಕ್ಕೆ ಬಾಚಿದ ಬಿಳಿ ಕೂದಲು. ಮನೆ ಗೋದಾಮಿನ ಹಿಂದಿನ ಓಣಿಯಲ್ಲೇ.

“ನನ್ನ ಡಬ್ಬಿ ನಾನ ಕದೀಲೇನವಾ? ಬೇಕಾಗಿದ್ರ ಕೇಳಿ ಒಯ್ತಿದ್ದೆ.”

“ಒಳಗ ಏನೈತ್ರಿ ಕಾಕಾ?”

“ಕಟಿಗಿ, ತಂತಿ, ನನ್ನ ತಲಿ.”

ಸಮಯ ಹತ್ತೂವರೆ. ನನ್ನ ಲೆಕ್ಕದಲ್ಲಿ ಕಳ್ಳ ಬೀರಪ್ಪನೇ. ಐವತ್ತೇಳು ವರ್ಷದ ಸಿಟ್ಟು, ಹೊಟ್ಟೆಕಿಚ್ಚು. ಅನ್ನಪೂರ್ಣಾರ ಕಿವಿಯಲ್ಲಿ ಹೇಳಿಯೂಬಿಟ್ಟೆ. ಅವರು ಮೂವರನ್ನೂ ಮೇಜಿನ ಸುತ್ತ ನಿಲ್ಲಿಸಿದರು.

“ಸಪ್ಪಳ ಆಗಬಾರದು ಅನ್ನಾಂವ ಚಪ್ಪಲಿ ಎಲ್ಲಿ ಬಿಡತಾನ?” ಎಂದು ಕೇಳಿದರು.

“ಬಾಗಲದಾಗ,” ಎಂದೆ.

“ಇಂವ ಬಾಗಲಾ ದಾಟಿ, ಇಡೀ ಗೋದಾಮ ಚಪ್ಪಲಿ ಮೆಟ್ಟಿಕೊಂಡ ಬಂದಾನ. ಡಬ್ಬಿ ಕಣ್ಮುಂದ ಬಂದ ಮ್ಯಾಲ ಬಿಟ್ಟಾನ. ನಾವು ಚಪ್ಪಲಿ ಹಂಗ ಎಲ್ಲಿ ಬಿಡತೇವಿ, ಸರ್?”

ನಾನು ಉತ್ತರಿಸುವ ಮೊದಲೇ ಬೀರಪ್ಪ ಹೇಳಿದರು — “ದೇವರ ಮುಂದ.”

“ಕದಿಯೂ ಹೊತ್ತಿನಾಗೂ ಬಿಡದ ರೂಢಿ ಅದು. ಶೀತಲ್ ಅವರು ಡಬ್ಬಿನ ಬೂಟಿನ ನಡುವ ಇಟ್ಟಕೊಂಡ್ರು. ಬೀರಪ್ಪ ಕಾಕಾ ಅದರ ಮ್ಯಾಲ ಕುಂತ್ರು. ಇಬ್ಬರಿಗೂ ಅದು ಎಣ್ಣಿ ಡಬ್ಬಿ. ಒಬ್ಬರಿಗೆ ಮಾತ್ರ ಅಲ್ಲ. ಅವರು ಅದರ ಮ್ಯಾಲ ಕುಂತಾವನ ಕಪಾಳಕ್ಕ ಹೊಡದಾರ. ಅದನ್ನ ಹಿಡದಾಗ ಸವದತ್ತಿ ವೇದಿಕಿ ಮ್ಯಾಲೂ ಬರಿಗಾಲಿಲೆ ನಿಂತಾರ.” ಅವರು ಫೋಟೊದ ಕಡೆ ಕೈ ಮಾಡಿದರು. “ಅದು ಬಂಡಾಯ ಅಲ್ಲ ಸರ್, ಭಕ್ತಿ. ಮಹಾದೇವ ಕಾಕಾ, ಒಂದ ತಂತಿ, ಕೋಲ ಒತ್ತಿದ್ರ ಬಾಗೂ ದನಿ, ಅದರ ಮುಂದ ಬರಿಗಾಲು. ಡಬ್ಬಿ ಒಳಗ ಚೌಡಕಿ ಐತಿ. ಹೌದಲ್ರಿ?”

ಚೌಡಕಿ ಯಲ್ಲಮ್ಮನ ವಾದ್ಯ. ಗುಡ್ಡದ ದಾರಿಯಲ್ಲಿ ಹಾಡುವವರ ಬಗಲಲ್ಲಿರುವ, ತಳಕ್ಕೆ ಚರ್ಮ ಬಿಗಿದ, ಒಂದೇ ತಂತಿಯ ಕಟ್ಟಿಗೆ ಕೊಳಗ. ಅದನ್ನು ನಾನು ನೂರು ಸಲ ಕೇಳಿದ್ದೆ. ಕರ್ಕಶ ಸ್ಪೀಕರಿನಿಂದ ಬಂದಾಗ ಗುರುತು ಹಿಡಿಯಲಿಲ್ಲ.

ಮಹಾದೇವ ಮೇಜಿನ ಅಂಚು ಹಿಡಿದುಕೊಂಡರು.

“ಕೇಳಿ ಒಯ್ದಿದ್ರ ಯಂತ್ರ ಮುಚ್ಚಿಡತಾನ ಅಂತ ಬೀರ್‍ಯಾ ಗೆದ್ದಂಗ ಆಗತಿತ್ತು,” ಎಂದರು. “ಬಿಚ್ಚಿದ್ರ ರಾಯವ್ವನ ಹೆಸರ ಹೊರಗ ಬರತಿತ್ತು. ಕೊಳಗದ ಮ್ಯಾಲ ಕೊರಸ್ಯಾಳ.”

“ಯಾರು ರಾಯವ್ವ?”

“ಉಗರಗೋಳದಾಕಿ. ನಮ್ಮ ಅತ್ತಿ ಮನಿ ಬಾಜೂಕ ಇದ್ಲು. ಹಾಡಿಗೆ ತಕ್ಕಂಗ ಕೋಲ ಒತ್ತಿ ದನಿ ಬಾಗಸೂದ ಆಕೀನ ಕಲಿಸಿದ್ಲು. ಎಂಟ ದಿನಕ್ಕಂತ ಚೌಡಕಿ ಇಸಗೊಂಡು ಬಂದೆ. ಗಿಟಾರದ ಜೋಡಿ ಜೋಗತ್ಯಾರ ಚೌಡಕಿ ಹಿಡದು ನಿಂತಿದ್ರ ನಮ್ಮಪ್ಪ ಮನ್ಯಾಗ ಸೇರಸ್ತಿರಲಿಲ್ಲ. ಡಬ್ಬಿ ಹೊಚ್ಚಿದೆ. ಜನ ಚಪ್ಪಾಳಿ ಹೊಡದ್ರು. ಹೊಡೀಲಿ ಅಂತ ಬಿಟ್ಟೆ.”

“ಎಲ್ಲೈತಿ ಈಗ?”

“ದೇವರ ಜಗಲಿ ಮ್ಯಾಲ. ಭಾವ್ಯಾಗ ಒಗೀಬೇಕಂತ ಹೋಗಿದ್ದೆ. ಕೈ ಬರಲಿಲ್ಲ.”

ನಾನು ಹಗುರಾಗಿ ಕೇಳಿದೆ — “ಮೇಡಂ, ತಮ್ಮ ವಸ್ತು ತಾವ ಒಯ್ದಾರ. ಇದು ಕಳವು ಆಗತೇತೇನ್ರಿ?”

“ಅವರ್ದಲ್ರಿ ಅದು. ಕಳವು ನಿನ್ನೆ ಆಗಿಲ್ಲ, ಅರವತ್ತೇಳರಾಗ ಆಗೇತಿ. ಫಿರ್ಯಾದಿ ಕೊಡೂದು ಬಿಡೂದು ರಾಯವ್ವಗ ಬಿಟ್ಟಿದ್ದು.” ಅನ್ನಪೂರ್ಣಾ ಗಡಿಯಾರ ನೋಡಿ ಎದ್ದರು. “ಆಕಿನ್ನ ನಾಳೆ ಕರಕೊಂಡ ಬರ್ರಿ ಕಾಕಾ. ನೀವ ಹೋಗಬೇಕು. ಸಾಲಿ ಬಿಡತು, ನಾ ಬರತೇನಿ.”

ಭಾನುವಾರ ರಾಯವ್ವ ಬಂದರು. ಎಂಬತ್ತನಾಲ್ಕು ವರ್ಷ, ಹಣೆ ತುಂಬ ಯಲ್ಲಮ್ಮನ ಭಂಡಾರದ ಅರಿಶಿನ. ಶೀತಲ್ ಬೂಟು ಕಳಚಿಟ್ಟು ಬೆಸುಗೆ ಬಿಚ್ಚಿದ. ಕಪ್ಪಾದ ಕೊಳಗ ಹೊರಬಂತು. ನಾನು ಮೇಜಿನ ಮೇಲಿನ ಚೀಟಿ ಎತ್ತಿಕೊಂಡು ಹೆಸರು ತಿದ್ದತೊಡಗಿದೆ. ಪುಟ ಹದಿನಾಲ್ಕನ್ನು ಹೇಗೆ ತಿದ್ದುವುದೋ ತಿಳಿಯಲಿಲ್ಲ. ಆ ದನಿ ಕೊಲ್ಹಾಪುರದವರೆಗೆ ಹೋದದ್ದು ನಿಜ. ಎಲ್ಲಿಂದ ಹೊರಟಿತು ಎಂಬುದನ್ನು ನಾನು ವಿಚಾರಿಸಿರಲಿಲ್ಲ, ಅಷ್ಟೇ.

ರಾಯವ್ವ ತಂತಿ ಮುಟ್ಟಿ ನೋಡಿದರು. ಅದು ಸಡಿಲವಾಗಿತ್ತು.

“ಬಾರಿಸಿದ ಮ್ಯಾಲ ತಂತಿ ಸಡಲ ಬಿಡಬೇಕು, ಇಲ್ಲಂದ್ರ ಚರ್ಮ ಹರೀತೇತಿ ಅಂದಿದ್ದೆ. ಅದನ್ನ ನೆನಪ ಇಟ್ಟಿ,” ಎಂದರು. “ಎಂಟ ದಿನಾ ಅಂದಿದ್ದಿ. ಅದನ್ನ ಮರತಿ.”

ಮಹಾದೇವ ಮೇಜಿನ ಪಕ್ಕ ನೆಲಕ್ಕೆ ಕುಳಿತರು. ಫಿರ್ಯಾದಿಯ ಮಾತನ್ನು ರಾಯವ್ವ ಎತ್ತಲಿಲ್ಲ. ಗೂಟ ತಿರುವಿ ತಂತಿ ಬಿಗಿ ಮಾಡಿದರು, ಚೌಡಕಿಯನ್ನು ಬಗಲಿಗೆ ಹಿಡಿದು ಒಮ್ಮೆ ಮೀಟಿದರು. ದನಿ ಬಾಗಿತು.

ಬೀರಪ್ಪ ಒಂದೊಂದೇ ಕಾಲೆತ್ತಿ ಚಪ್ಪಲಿ ಬಿಟ್ಟರು. ಹೋಗಿ ಮಹಾದೇವನ ಪಕ್ಕ ಕುಳಿತರು.

“ಅವತ್ತ ಒಂದ ಮಾತ ಹೇಳಿದ್ರ,” ಎಂದರು, “ನಾ ಅದರ ಮ್ಯಾಲ ಕೂಡತಿದ್ನೇನಲೇ?”