ಅತ್ತೆ ಕರೆದ ಅತಿಥಿ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನು ಕಳೆದುಕೊಂಡದ್ದು ಮಾತ್ರ ನಿಜ: ಸೋಫಾದಲ್ಲಿ ಫ್ಯಾನಿನ ನೇರ ಕೆಳಗಿನ ನನ್ನ ಜಾಗ.

ನಮ್ಮತ್ತೆ ಧಾರಾವಾಹಿ ನೋಡುವುದಿಲ್ಲ, ಅದರೊಡನೆ ಸಂಸಾರ ಮಾಡುತ್ತಾರೆ. ಆ ಮಧ್ಯಾಹ್ನ ಟೀವಿಯಲ್ಲಿ ರಕ್ತಪಿಶಾಚಿ ಹೊಸ್ತಿಲಾಚೆ ನಿಂತಿದ್ದ. ಯಾರಾದರೂ ಕರೆಯದೆ ಅವನು ಒಳಗೆ ಬರುವಂತಿಲ್ಲ. ಅತ್ತೆಗೆ ಕರುಳು ಚುರ್ ಎಂದಿತು.

"ಬಾರಪ್ಪ ಒಳಗೆ. ಎಷ್ಟು ಬಿಳಿಚ್ಕೊಂಡಿದ್ದೀಯ, ಮೈಯಲ್ಲಿ ರಕ್ತಾನೇ ಇಲ್ಲ!"

"ಅದಕ್ಕೇ ಅತ್ತೆ, ಅವನು ಮನೆಮನೆ ಅಲೆಯೋದು" ಎಂದು ನಕ್ಕು, ಜಾಹೀರಾತಿನ ನಡುವೆ ನೀರು ಕುಡಿದು ಬಂದೆ. ತೆರೆಯ ಮೇಲೆ ಹೊಸ್ತಿಲು ಖಾಲಿ. ನಾಯಕಿ ಬರೀ ಗಾಳಿಗೆ ಬೈಯುತ್ತಿದ್ದಳು. ಸೋಫಾದಲ್ಲಿ ನನ್ನ ಜಾಗದ ದಿಂಬು ಯಾರೋ ಕೂತಂತೆ ತಗ್ಗಿತ್ತು. ಮುಟ್ಟಿದರೆ ಫ್ರಿಜ್ಜಿನಷ್ಟು ತಣ್ಣಗೆ.

ವಾರವಾದರೂ ಅದು ಬೆಚ್ಚಗಾಗಲಿಲ್ಲ, ತೆರೆಗೂ ಅವನು ಮರಳಲಿಲ್ಲ. ಪಕ್ಕದ ಮನೆಯ ಟೈಲರ್ ಮಾತ್ರ, "ನಮ್ ಟೀವೀಲಿ ದಿನಾ ಬರ್ತಾನಲ್ಲ ಸಾರ್!" ಎಂದ.

"ಕರೆದವರು ನೀವೇ, ನೀವೇ ಕಳಿಸಿ ಅತ್ತೆ. ಸ್ಟೂಲ್ ಮೇಲೆ ಕೂತು ಕೂತು ಸೊಂಟ ಹೋಯ್ತು" ಎಂದು ಅಂಗಲಾಚಿದೆ.

"ಬಂದವರನ್ನ ಹೊರಡು ಅನ್ನೋದಾ ಅಳಿಯಂದ್ರೇ? ಆಯ್ತು, ನಿಮಗೋಸ್ಕರ."

ಅತ್ತೆ ಬಾಗಿಲು ತೆರೆದರು. ತಣ್ಣನೆಯದೇನೋ ನನ್ನ ಕಿವಿ ಸವರಿ ಹೊರಗೆ ಹೋಯಿತು. ದಿಂಬು ಮೆಲ್ಲಗೆ ಉಬ್ಬಿತು. ಓಡಿಹೋಗಿ ಕೂತೆ. ಆಹಾ, ಬೆಚ್ಚಗಿತ್ತು!

ಅಷ್ಟರಲ್ಲಿ ಅತ್ತೆ, ಎಲ್ಲ ನೆಂಟರಿಗೂ ಹೇಳುವ ಹಾಗೆ, ಹೊಸ್ತಿಲಲ್ಲಿ ನಿಂತು ಕೈಬೀಸಿದರು: "ಹೋಗಿ ಬಾರಪ್ಪ. ಮುಂದಿನ ಸಲ ಮನೆಯವರನ್ನೆಲ್ಲ ಕರ್ಕೊಂಡು ಬಾ."

ಇವತ್ತು ಸೋಫಾದ ಎಲ್ಲ ದಿಂಬುಗಳೂ ತಗ್ಗಿವೆ. ನಾನು ನಿಂತೇ ಇದನ್ನು ಬರೆಯುತ್ತಿದ್ದೇನೆ, ಯಾಕೆಂದರೆ ಸ್ಟೂಲೂ ತಣ್ಣಗಿದೆ.