ಸೊಪ್ಪುಸೊಪ್ಪು

“ಯಾರ್ರೀ ಇದನ್ನ ಬರೆದಿದ್ದು?”

ಚಹಾ ಕಾರ್ಖಾನೆಯ ರುಚಿ ನೋಡುವ ಕೋಣೆಗೆ ಅವನು ನುಗ್ಗಿದ ರಭಸಕ್ಕೆ ಮೇಜಿನ ಮೇಲಿನ ಬಿಳಿ ಬಟ್ಟಲುಗಳು ಗಲಗಲ ಅಂದವು. ಅವನ ಕೈಯಲ್ಲೊಂದು ಚೀಟಿ. ಅದರಲ್ಲಿ ಒಂದೇ ಪದ: ಸೊಪ್ಪುಸೊಪ್ಪು.

“ನಾನೇ,” ಅಂದಳು ಚಹಾದ ರುಚಿ ನೋಡಿ ಚೀಟಿ ಬರೆಯುವವಳು. “ಎಲೆ ಪೂರ್ತಿ ಬಾಡೋಕೆ ಮುಂಚೆನೇ ಯಂತ್ರಕ್ಕೆ ಹಾಕಿದೀರಿ. ಈಗ ತಾನೇ ಕಿತ್ತ ಸೊಪ್ಪು ಜಗಿದ ಹಾಗಿದೆ ಬಾಯಲ್ಲಿ. ಸುಳ್ಳಾ?”

ಎಲೆ ಬಾಡಿಸುವ ಮೇಸ್ತ್ರಿಯ ಸಿಟ್ಟು ಜರ್ರನೆ ಇಳಿಯಿತು. ಆ ದಿನ ತಂಗಿಗೆ ಹೆರಿಗೆ ನೋವೆಂದು ಅವನು ಎರಡು ಗಂಟೆ ಮೊದಲೇ ಎಲೆ ತೆಗೆದಿದ್ದ.

“ಒಂದು ಗುಟುಕಲ್ಲಿ ಅದೂ ಗೊತ್ತಾಗುತ್ತಾ ನಿಮಗೆ?”

ಗೊತ್ತಾಗುತ್ತಿತ್ತು. ಅಂದಿನಿಂದ ಅವಳು ಬರೆದ ಚೀಟಿಗಳನ್ನೆಲ್ಲ ಅವನು ಜೇಬಿನಲ್ಲಿಟ್ಟುಕೊಳ್ಳತೊಡಗಿದ. ‘ತುಂಬಿದ ರುಚಿ’, ‘ಜೇನಿನ ಘಮ’... ಇಬ್ಬರೂ ಹೇಳದ ಮಾತೆಲ್ಲ ಆ ಚೀಟಿಗಳಲ್ಲೇ ಇತ್ತು!

ಆಮೇಲೆ ಅವಳಿಗೆ ಜ್ವರ ಬಂತು.

ಜ್ವರ ಬಿಟ್ಟ ವಾರ ಅಮ್ಮ ಅಡುಗೆಮನೆಗೆ ಓಡಿ ಬಂದರು. “ಹಾಲು ಸೀದು ಮನೆಯೆಲ್ಲ ನಾತ! ಇಲ್ಲೇ ನಿಂತಿದೀಯ, ಮೂಗಿಲ್ವೇನೇ ನಿಂಗೆ?”

ಇರಲಿಲ್ಲ. ನಾಲಿಗೆಗೂ ರುಚಿಯಿರಲಿಲ್ಲ. ಬೇರೆ ಕಸುಬು ಬಾರದವಳು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ‘ಕೆಟ್ಟ ಚಹಾವನ್ನು ಒಳ್ಳೆಯದೆಂದರೆ ಸಿಕ್ಕಿಬೀಳುತ್ತೇನೆ. ತಪ್ಪು ಹುಡುಕಿದರೆ ಯಾರು ಕೇಳುತ್ತಾರೆ...’ ಹಾಗೆಂದುಕೊಂಡು ಮೂರು ವಾರ ಪ್ರತಿ ಚೀಟಿಯ ಮೇಲೂ ‘ಸೊಪ್ಪುಸೊಪ್ಪು’ ಎಂದೇ ಬರೆದಳು.

ನಾಲ್ಕನೇ ವಾರ, ಎಲೆ ಸರಿಯಾಗಿ ಬಾಡಿಸುತ್ತಿಲ್ಲವೆಂದು ಮಾಲೀಕರು ಅವನನ್ನು ಕೆಲಸದಿಂದ ತೆಗೆದರು.

“ನಾನು ಬೇಡ ಅಂದ್ರೆ ಬಾಯ್ಬಿಟ್ಟು ಹೇಳಬಹುದಿತ್ತು,” ಅಂದ ಅವನು ಬಾಗಿಲಲ್ಲಿ ನಿಂತು. “ಹೊಟ್ಟೆ ಮೇಲೆ ಹೊಡೀಬಾರದಿತ್ತು.”

‘ನನ್ನ ಹೊಟ್ಟೆಪಾಡಿಗೆ ಇವರ ಬದುಕು ಹಾಳು ಮಾಡಿದೆನಲ್ಲಾ...’ ನೆಟ್ಟಗೆ ಮಾಲೀಕರ ಕೋಣೆಗೆ ನಡೆದಳು.

“ಸಾರ್, ಅವರ ತಪ್ಪಿಲ್ಲ. ನನಗೆ ರುಚಿನೇ ಗೊತ್ತಾಗಲ್ಲ. ಸುಮ್ಮನೆ ಬರೆದೆ.”

ಅವನಿಗೆ ಕೆಲಸ ಮರಳಿ ಸಿಕ್ಕಿತು. ಅವಳ ಕೆಲಸ ಹೋಯಿತು.

ಎಂಟು ದಿನವಾದ ಮೇಲೆ ಅವನು ಫ್ಲಾಸ್ಕ್ ಹಿಡಿದು ಅವಳ ಮನೆಗೆ ಬಂದ. ಎರಡು ಲೋಟಕ್ಕೆ ಚಹಾ ಸುರಿದ.

“ಕುಡಿ.”

“ಬಿಸಿ ಇದೆ. ನಂಗೆ ಗೊತ್ತಾಗೋದು ಅಷ್ಟೇ...” ಅವಳು ತಲೆಯೆತ್ತಲಿಲ್ಲ. “ರುಚಿ ವಾಪಸ್ ಬರೋದು ಕಷ್ಟ ಅಂದ್ರು ಡಾಕ್ಟರು.”

ಅವನೂ ಒಂದು ಗುಟುಕು ಕುಡಿದು ಮುಖ ಕಿವುಚಿದ. “ಥೂ, ಸೊಪ್ಪುಸೊಪ್ಪು! ಈ ಸಲ ನಿಜವಾಗ್ಲೂ. ನಿನ್ನ ನೋಡೋ ಆತುರಕ್ಕೆ ಎಲೆ ಬೇಗ ತೆಗೆದುಬಿಟ್ಟೆ.”

ಅವಳು ಅಳುತ್ತಲೇ ನಕ್ಕಳು. “ಹಾಗಂದ್ರೆ ಹೇಗಿರುತ್ತೆ ಅನ್ನೋದೇ ಮರೆತು ಹೋಗ್ತಿದೆ ನಂಗೆ...”

“ದಿನಾ ನಾನು ಹೇಳ್ತೀನಿ. ಚೀಟಿ ನೀನೇ ಬರಿ.” ಅವನು ಜೇಬಿನಿಂದ ಪೆನ್ನು ತೆಗೆದು ಅವಳ ಮುಂದಿಟ್ಟ.

“ಸುಳ್ಳು ಬರೆದ ಕೈ ಇದು.”

“ಗೊತ್ತು. ಸಿಟ್ಟು ಇನ್ನೂ ಹೋಗಿಲ್ಲ,” ಅಂದ ಅವನು ಆ ಕೈ ಹಿಡಿದು. “ಆದ್ರೂ ಇದೇ ಕೈ ಬೇಕು ನಂಗೆ.”