ನೆಮ್ಮದಿ ಕೊಟ್ಟು ಕೊಂಡ ರಸ್ತೆ

ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ ಕಂಚಿನಕೋಟೆ ಎಂಬ ರಾಜ್ಯವಿತ್ತು. ಅದರ ಪಟ್ಟಣದಲ್ಲಿ ರಸ್ತೆಗಳೆಲ್ಲ ಕಿತ್ತುಹೋಗಿದ್ದವು. ಎತ್ತುಗಳು ಗುಂಡಿಗೆ ಬಿದ್ದು ಕಾಲು ಮುರಿದುಕೊಳ್ಳುತ್ತಿದ್ದವು. ಮುದಿ ರಾಜ, "ಊರು ನಿಮ್ಮದು, ದುರಸ್ತಿಗೆ ಹಣ ಹೇಗೆಂದು ನೀವೇ ತೀರ್ಮಾನಿಸಿ" ಎಂದು ಪಟ್ಟಣಸಭೆಗೆ ಬಿಟ್ಟುಬಿಟ್ಟ.

ಸಭೆಯಲ್ಲಿ ಗಾಡಿಕಾರರ ಕೇರಿಯ ಪರವಾಗಿ ಕೂರುತ್ತಿದ್ದವಳು ಹುಲಿಗೆವ್ವ. ಅಪ್ಪ ತೀರಿಕೊಂಡ ಮೇಲೆ ಅವನ ಗಾಡಿಯೂ ಸಭೆಯ ಮಣೆಯೂ ಅವಳ ಪಾಲಿಗೆ ಬಂದಿದ್ದವು.

"ರಸ್ತೆ ಹಾಳುಮಾಡಿದ್ದು ಗಾಡಿಗಳು. ಗಾಡಿಕಾರರೇ ಕೊಡಲಿ" ಎಂದ ವರ್ತಕರ ಹಿರಿಯ ಚನ್ನಮಲ್ಲಶೆಟ್ಟಿ.

"ಗಾಡಿ ತುಂಬ ಇರೋದು ನಿಮ್ಮ ಮೂಟೆ, ಶೆಟ್ಟರೇ. ನೀವೇ ಕೊಡಿ" ಎಂದಳು ಹುಲಿಗೆವ್ವ.

"ನಾವು ಕಾಲ್ನಡಿಗೆಯವರು. ನಮ್ಮನ್ನು ಕೇಳಲೇಬೇಡಿ" ಎಂದ ಮೇಲುಕೇರಿಯ ತಿಮ್ಮಣಾರ್ಯ.

ಮಳೆಗಾಲ ಬಂತು, ಹೋಯಿತು. ಜಗಳ ಮುಗಿಯಲಿಲ್ಲ.

ಆಗ ಮರುಳಾಕ್ಷನೆಂಬ ಮಾಂತ್ರಿಕ ಸಭೆಗೆ ಬಂದ. "ಒಂದು ಕಾಸೂ ಬೇಡ. ರಸ್ತೆ ನಾನು ಮಾಡಿಕೊಡುತ್ತೇನೆ. ಬದಲಿಗೆ ಊರಿನ ನೆಮ್ಮದಿ ಕೊಡಿ, ಸಾಕು" ಎಂದ.

ನೆಮ್ಮದಿಯನ್ನು ಯಾರಿಗೆ ಹೊತ್ತೊಯ್ಯಲಾದೀತು ಎಂದು ಎಲ್ಲರೂ ನಕ್ಕರು. ಎಲ್ಲರೂ ಕೈ ಎತ್ತಿದರು. ಹುಲಿಗೆವ್ವನೂ ಎತ್ತಿದಳು.

ಬೆಳಗಾಗುವಷ್ಟರಲ್ಲಿ ರಸ್ತೆಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಆದರೆ ಊರಲ್ಲಿ ಯಾರಿಗೂ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಕಾಲುಗಳು ತಾವಾಗಿ ನಡೆದವು. ಹೆಂಗಸರು ನಡೆಯುತ್ತಲೇ ರೊಟ್ಟಿ ತಟ್ಟಿದರು. ದನಗಳು ಗೂಟ ಸುತ್ತಿ ಸುತ್ತಿ ಬಡವಾದವು. ತೂಕಡಿಸಿದವರು ತೂಕಡಿಸುತ್ತಲೇ ನಡೆದು ಗೋಡೆಗೆ ಡಿಕ್ಕಿ ಹೊಡೆದರು. ಹುಲಿಗೆವ್ವನ ತಾಯಿ ಸಾತವ್ವ ಒಲೆಯ ಸುತ್ತ ನಡೆದು ನಡೆದು ಅಂಗಾಲು ಒಡೆದುಕೊಂಡಳು.

"ಒಂದು ಗಳಿಗೆ ನನ್ನ ಕೂರಿಸೇ, ನನ್ನವ್ವಾ" ಎಂದು ಸಾತವ್ವ ಅತ್ತಳು. ಅಪ್ಪ ಸಾಕಿದ ಬೆಳ್ಳ ಎಂಬ ಎತ್ತನ್ನು ಹಿಡಿದುಕೊಂಡು ಹುಲಿಗೆವ್ವ, ನೆಮ್ಮದಿ ಮರಳಿ ತರಲು, ಮರುಳಾಕ್ಷ ವಾಸವಿದ್ದ ಬೆಟ್ಟದ ದಾರಿ ಹಿಡಿದಳು.

ಬೆಟ್ಟದ ಬುಡದಲ್ಲಿ ಬೆಂಕಿಯ ಹುಲಿ ಕಾದಿತ್ತು. "ಹೆದರಿ ನಿಂತವರನ್ನು ತಿನ್ನುತ್ತೇನೆ" ಎಂದು ಗರ್ಜಿಸಿತು. ಹುಲಿಗೆವ್ವನಿಗೆ ಎದೆ ನಡುಗಿತು, ಆದರೆ ಕಾಲು ನಿಲ್ಲಲಿಲ್ಲ. ನಡುಗುತ್ತಲೇ ದಾಟಿಹೋದಳು.

ನಡುಬೆಟ್ಟದ ಹೊಳೆಗೆ ಅಡ್ಡಲಾಗಿ ಕಲ್ಲಿನ ಹಾವು ಮಲಗಿತ್ತು. "ಬಾ ತಾಯಿ, ದಣಿದಿದ್ದೀಯ. ಬೆನ್ನ ಮೇಲೆ ಕೂರು, ದಾಟಿಸುತ್ತೇನೆ" ಎಂದಿತು. ಕೂತವರನ್ನು ಅದು ಮುಳುಗಿಸುತ್ತಿತ್ತು. ಕೂರಲು ಹುಲಿಗೆವ್ವನ ಮೈಯೆಲ್ಲ ಹಂಬಲಿಸಿತು, ಆಗಲಿಲ್ಲ. ಬಾಲದಿಂದ ತಲೆಯವರೆಗೆ ನಡೆದೇ ಆಚೆ ದಡ ಸೇರಿದಳು. ಬೆಳ್ಳ ಹಿಂದೆಯೇ ಬಂತು.

ತುದಿಯಲ್ಲಿ ಮಾಂತ್ರಿಕನ ಮನೆಯ ಬಾಗಿಲು, ಬಾಗಿಲಲ್ಲಿ ರಾಕ್ಷಸ. "ಒಳಗೆ ಬಿಟ್ಟರೆ ಏನು ಕೊಡುತ್ತೀ?" ಎಂದ.

"ರಾಜನ ಬಳಿ ಬೇಕಾದಷ್ಟು ಚಿನ್ನವಿದೆ..."

"ರಾಜನದು ರಾಜನಿಗೆ. ನಿನ್ನದೇನು?"

ಹುಲಿಗೆವ್ವ ಬಾಗಿಲ ಮುಂದೆ ಅತ್ತಿಂದಿತ್ತ, ಇತ್ತಿಂದತ್ತ ನಡೆದಳು. ಕೊನೆಗೆ ಬೆಳ್ಳನ ಕೊರಳು ತಬ್ಬಿ, ಹಗ್ಗವನ್ನು ರಾಕ್ಷಸನ ಕೈಗಿಟ್ಟಳು. ಹಿಂತಿರುಗಿ ನೋಡಲಿಲ್ಲ. ನೋಡಿದ್ದರೆ ಒಳಗೆ ಹೋಗುತ್ತಿರಲಿಲ್ಲ.

ಒಳಗೆ ಮರುಳಾಕ್ಷ ದಿಂಬಿಗೆ ಒರಗಿ ಹಾಯಾಗಿ ಕೂತಿದ್ದ. ಪಕ್ಕದಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಒಂದು ಗಡಿಗೆ. ಊರಿನ ನೆಮ್ಮದಿಯೆಲ್ಲ ಅದರಲ್ಲಿತ್ತು. ಹುಲಿಗೆವ್ವ ಅದನ್ನು ಎತ್ತಲು ಹೋದಳು, ಅಲುಗಲಿಲ್ಲ. ಕಲ್ಲಿನಿಂದ ಬಡಿದಳು, ಕಲ್ಲೇ ಪುಡಿಯಾಯಿತು.

ಮಾಂತ್ರಿಕ ನಕ್ಕ. "ಹಾಗೆಲ್ಲ ಆಗುವುದಿಲ್ಲ, ಹುಡುಗಿ. ನಿಮ್ಮ ಸಭೆಯಲ್ಲಿ ಒಂದೊಂದು ಕೇರಿಯವರೂ ಇನ್ನೊಬ್ಬರ ಕಡೆ ಬೆರಳು ತೋರಿಸದೆ, ರಸ್ತೆಗೆ ನಮ್ಮ ಪಾಲು ಇಷ್ಟು ಅಂತ ಹೇಳಲಿ. ಆಗ ಇದು ತಾನಾಗಿ ಒಡೆಯುತ್ತದೆ. ಅಂಥ ದಿನ ಬರುವುದಿಲ್ಲ ಅಂತ ಗೊತ್ತಿದ್ದೇ ಹೇಳುತ್ತಿದ್ದೇನೆ."

ಹುಲಿಗೆವ್ವ ಇಳಿದು ಬಂದಳು. ಸಭೆಯವರು ಚಾವಡಿಯೊಳಗೆ ಸುತ್ತು ಹೊಡೆಯುತ್ತ, ಒಬ್ಬರಿಗೊಬ್ಬರು ತಾಗುತ್ತ, ಕೂಗಾಡುತ್ತಿದ್ದರು. ಮಾಂತ್ರಿಕನ ಮಾತನ್ನು ತಿಳಿಸಿದಳು. ಕೂಗಾಟ ಇನ್ನೂ ಜೋರಾಯಿತು. "ಮೊದಲು ಅವರು ಹೇಳಲಿ!" ಎಂದು ಎಲ್ಲರ ಬೆರಳೂ ಎದ್ದವು.

"ಮೊದಲು ನಾನೇ ಹೇಳ್ತೀನಿ" ಎಂದಳು ಹುಲಿಗೆವ್ವ. "ರಸ್ತೆ ಕೊರೆದದ್ದು ನಮ್ಮ ಚಕ್ರ. ಚಕ್ರಕ್ಕೆ ಇಷ್ಟು ಅಂತ ನಮ್ಮ ಕೇರಿ ಕೊಡುತ್ತೆ."

ಕಿಟಕಿಯಾಚೆ ಸುತ್ತುತ್ತಿದ್ದ ಗಾಡಿಕಾರರು ಸಿಡಿದೆದ್ದರು. "ನಮ್ಮ ಹೊಟ್ಟೆ ಮೇಲೆ ಹೊಡೆದೆಯಾ! ಆ ಮಣೆ ಬಿಟ್ಟು ಇಳಿ!"

"ನಾಳೆ ಇಳಿಸಿ, ಅಣ್ಣಂದಿರಾ. ಇವತ್ತು ನನ್ನವ್ವನ ಕಾಲು ನೋಡಿ, ನಿಮ್ಮ ಅವ್ವಂದಿರ ಕಾಲು ನೋಡಿ. ಆಮೇಲೆ ಹೇಳಿ."

ಗಾಡಿಕಾರರು ತಲೆ ತಗ್ಗಿಸಿ ನಡೆದರು. ಅವರಲ್ಲಿ ಹಿರಿಯನೊಬ್ಬ, "ಆಯ್ತು, ಚಕ್ರಕ್ಕಿಷ್ಟು" ಎಂದ.

ಚನ್ನಮಲ್ಲಶೆಟ್ಟಿ ಸುತ್ತುತ್ತಲೇ ಹುಲಿಗೆವ್ವನ ಪಕ್ಕಕ್ಕೆ ಬಂದ. "ಭಾರ ನನ್ನದೇ ಅಲ್ಲವೇ. ಮೂಟೆಗಿಷ್ಟು ಅಂತ ನಾವು ಕೊಡುತ್ತೇವೆ" ಎಂದ.

ತಿಮ್ಮಣಾರ್ಯ ಮಾತ್ರ ಗೋಡೆಯ ಬದಿಯಲ್ಲೇ ನಡೆದ. ಎಲ್ಲರೂ ಅವನನ್ನೇ ನೋಡಿದರು; ಒಬ್ಬರೂ ಬೆರಳು ಎತ್ತಲಿಲ್ಲ.

"ನನ್ನ ಸೊಸೆ ನಡೆಯುತ್ತಲೇ ಮಗುವಿಗೆ ಹಾಲೂಡಿಸುತ್ತಾಳೆ" ಎಂದ ಕೊನೆಗೆ, ಯಾರಿಗೂ ಅಲ್ಲದಂತೆ. "ಆ ಮಗುವೂ ನಾಳೆ ಈ ರಸ್ತೆಯಲ್ಲೇ ನಡೆಯಬೇಕು. ನಮ್ಮ ಕೇರಿಯಿಂದ ಮನೆ ಬಾಗಿಲಿಗಿಷ್ಟು ಅಂತ ಬರೆದುಕೊಳ್ಳಿ."

ದೂರದ ಬೆಟ್ಟದಲ್ಲಿ ಗುಡುಗಿದಂತೆ ಸದ್ದಾಯಿತು. ಗಡಿಗೆ ಒಡೆದಿತ್ತು. ಊರಿಗೆ ಊರೇ ನಿಂತಲ್ಲಿ ಕುಸಿದು ಕೂತಿತು. ಒಡೆದ ಗಡಿಗೆಯ ನೆಮ್ಮದಿ ಮೊದಲು ಮರುಳಾಕ್ಷನ ಮೇಲೆಯೇ ಸುರಿದಿತ್ತು; ಅವನು ಆಕಳಿಸಿ ಮಲಗಿದವನು ಇಂದಿಗೂ ಎದ್ದಿಲ್ಲ.

ಅವನ ಹೊಳೆಯುವ ರಸ್ತೆ ಮಾಯವಾಗಿ ಹಳೇ ಗುಂಡಿಗಳು ಮತ್ತೆ ಬಾಯಿ ತೆರೆದವು. ಹುಲಿಗೆವ್ವ ಅವುಗಳನ್ನು ದಾಟಿಕೊಂಡು ಮನೆಗೆ ಓಡಿದಳು. ಸಾತವ್ವ ಒಲೆಯ ಪಕ್ಕ ನೆಲದ ಮೇಲೆಯೇ ಮಲಗಿ ಗೊರಕೆ ಹೊಡೆಯುತ್ತಿದ್ದಳು. ಮಗಳು ಅವಳ ಕಾಲಿಗೆ ಎಣ್ಣೆ ಸವರಿ, ಅಲ್ಲೇ ತಲೆಯಿಟ್ಟು ನಿದ್ದೆಹೋದಳು.

ಎದ್ದ ಮೇಲೆ ಪಟ್ಟಣದವರು ಕಲ್ಲು ಹೊತ್ತರು, ಮಣ್ಣು ತುಂಬಿದರು. ಯಾವ ಕೇರಿಯ ರಸ್ತೆ ಮೊದಲು ಎಂದು ಜಗಳವಾಡಿದರು, ನಕ್ಕರು, ಮತ್ತೆ ಜಗಳವಾಡಿದರು. ಸಂಜೆಯಾದರೆ ಮಾತ್ರ ಕೆಲಸ ಬಿಟ್ಟು, ತಂತಮ್ಮ ಜಗಲಿಯ ಮೇಲೆ ಕಾಲು ಚಾಚಿ ಸುಖವಾಗಿ ಕೂತರು.